ಚಪ್ಪಲಿ ಬಿಡುವ ಕಡೆ ನಿಂತಿದ್ದವರು

ಆಂಧ್ರದ ಗಡಿಯ ರಾಯದುರ್ಗದಲ್ಲಿ ನಮ್ಮಪ್ಪನಿಗೆ ಪಾತ್ರೆ ಅಂಗಡಿ ಇತ್ತು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಕೋಣೆ. ನನಗೆ ಎಂಟು ವರ್ಷವಿದ್ದಾಗ ಆ ಕೋಣೆಗೆ ಒಬ್ಬ ಹೆಂಗಸು ಬಾಡಿಗೆಗೆ ಬಂದರು. ಒಂದು ಟ್ರಂಕು, ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟವ್ವು. ವಯಸ್ಸು ಐವತ್ತರ ಹತ್ತಿರ ಇದ್ದಿರಬೇಕು. ಗಂಡ ಮಕ್ಕಳ ಸುದ್ದಿಯನ್ನು ಅವರೂ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. "ಅತ್ತಿ ಅಂತ ಕರಿ" ಎಂದಳು ಅಮ್ಮ. ಹಾಗೆಯೇ ಕರೆದೆ.

ನಮ್ಮ ಊರಲ್ಲಿ ಆಗಲೇ ಮನೆಮನೆಗೂ ಜೀನ್ಸ್ ಪ್ಯಾಂಟಿನ ಕೆಲಸ ಬಂದಿತ್ತು. ಹೊಲಿದ ಪ್ಯಾಂಟುಗಳ ಬಂಡಲುಗಳನ್ನು ಸೈಕಲ್ಲಿನ ಮೇಲೆ ತಂದು ಹಾಕಿ ಹೋಗುತ್ತಿದ್ದರು. ಹೊಲಿಗೆಯ ಕೊನೆಯಲ್ಲಿ ಉಳಿದ ದಾರದ ತುಂಡುಗಳನ್ನು ಕತ್ತರಿಸಿ ಮಡಚಿ ಇಡಬೇಕು. ಅತ್ತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದರು. ಬೆರಳುಗಳು ಸದಾ ನೀಲಿ. ದಾರ ಕತ್ತರಿಸುತ್ತ ಬಾಯಿ ಮುಚ್ಚಿಕೊಂಡೇ ಏನೋ ಹಾಡುತ್ತಿದ್ದರು. ಶಾಲೆಯಿಂದ ಬಂದ ನಾನು ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದೆ. ಒಂದು ದಿನ ನಾನೂ ಜೊತೆಗೆ ಗುನುಗಿದೆ. ಅತ್ತೆ ಕತ್ತರಿ ನಿಲ್ಲಿಸಿದರು.

"ಮತ್ತೊಮ್ಮಿ ಅನ್ನು."

ಅಂದೆ.

"ಅಂಗಡ್ಯಾಗಿಂದ ಒಂದು ಹಿತ್ತಾಳಿ ತಂಬಿಗಿ ತಗೊಂಡು ಬಾ. ಅಪ್ಪನ್ನ ಕೇಳಿ ತಗೊಂಡು ಬಾ ಮತ್ತ."

ತಂದ ತಂಬಿಗೆಯನ್ನು ಬೆರಳಿನ ಗಿಣ್ಣಿನಿಂದ ಬಡಿದು ಕಿವಿಯ ಹತ್ತಿರ ಹಿಡಿದರು. ತಲೆ ಅಲ್ಲಾಡಿಸಿ, ಇನ್ನೊಂದು ತಾ ಎಂದರು. ಹೀಗೆ ನಾಲ್ಕು ತಂಬಿಗೆಗಳನ್ನು ಹೊತ್ತು ತಿರುಗಿದ ಮೇಲೆ ಒಂದು ಅವರಿಗೆ ಒಪ್ಪಿಗೆಯಾಯಿತು. "ಇದು ನಿನ್ನ ಸಾ" ಎಂದರು. ಹಾರ್ಮೋನಿಯಂ ಇಲ್ಲದ ಮನೆಯಲ್ಲಿ ಅದೇ ನನ್ನ ಶ್ರುತಿಪೆಟ್ಟಿಗೆಯಾಯಿತು. ಅವರು ಬಡಿಯುವುದು, ಆ ನಾದ ಆರುವ ಮೊದಲು ನಾನು ಅದರೊಳಗೆ ಸೇರಿಕೊಳ್ಳುವುದು. ಎರಡು ತಿಂಗಳು ಬೇರೆ ಏನನ್ನೂ ಹಾಡಿಸಲಿಲ್ಲ. ಬೇಸರವಾಗಿ ಒಮ್ಮೆ ಅತ್ತುಬಿಟ್ಟೆ, ಆಗ ಅವರು ಬೈಯಲಿಲ್ಲ. "ಅಳೂದಿದ್ರೂ ಇದೇ ಸ್ವರದಾಗ ಅಳು" ಎಂದು ನಕ್ಕರು. ನನಗೂ ನಗು ಬಂತು.

ಆಮೇಲೆ ಹಾಡುಗಳು ಬಂದವು. ದೇವರ ಹಾಡು, ವಚನ, ಯಾವುದೋ ರಾಣಿ ಕಾಡಿನಲ್ಲಿ ಗಂಡನನ್ನು ಹುಡುಕುತ್ತ ಹಾಡುವ ಹಾಡು. ಅವರು ರಾಗದ ಹೆಸರು ಹೇಳಿಕೊಟ್ಟವರಲ್ಲ. ಹೇಳಿಕೊಟ್ಟದ್ದು ಉಸಿರನ್ನು. ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ತೆಗೆದುಕೊಂಡರೆ ಮಾತು ಸಾಯುತ್ತದೆ, ಕೇಳುವವರಿಗೆ ಗೊತ್ತಾಗದಂತೆ ಅದನ್ನು ಹೇಗೆ ಕದಿಯಬೇಕು. ನನ್ನನ್ನು ಹಿತ್ತಲ ಗೋಡೆಗೆ ನಿಲ್ಲಿಸಿ ತಾವು ಓಣಿಯ ತುದಿಗೆ, ಬೆಟ್ಟದ ಬಂಡೆಗಳು ಶುರುವಾಗುವಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿಂದ ಕೈ ಎತ್ತಿದರೆ ಕೇಳಿಸಿತು ಎಂದು ಅರ್ಥ. ಮೊದಮೊದಲು ಕೈ ಎತ್ತುತ್ತಲೇ ಇರಲಿಲ್ಲ.

"ಒದರಬ್ಯಾಡ. ಒದರಿದ್ರ ಸದ್ದು ಬರತೈತಿ, ಮಾತು ಬರಂಗಿಲ್ಲ. ಮುಂದ ಕುಂತೋರಿಗೆ ಹೆಂಗಿದ್ರೂ ಕೇಳತೈತಿ. ನೀನು ಹಾಡೂದು ಹಿಂದ ನಿಂತೋರಿಗೆ."

ನೀವು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. "ಊರೂರು ತಿರುಗಿ ಕಲ್ತೆ" ಎಂದು ಹೇಳಿ ಇನ್ನೊಂದು ಪ್ಯಾಂಟು ಎತ್ತಿಕೊಂಡರು.

ಅದು ಗೊತ್ತಾದದ್ದು ನಾಲ್ಕು ವರ್ಷಗಳ ನಂತರ. ಬಳ್ಳಾರಿ ಕಡೆಯ ಗಿರಾಕಿಯೊಬ್ಬರು ಕೊಡ ಕೊಳ್ಳಲು ಬಂದಿದ್ದರು. ಅತ್ತೆ ಅಮ್ಮನಿಗೆ ಏನೋ ಕೊಡಲು ಅಂಗಡಿಯೊಳಗಿಂದ ಹಾದು ಹೋದರು. ಆ ಗಿರಾಕಿ ಅವರನ್ನೇ ನೋಡುತ್ತ ಅಪ್ಪನಿಗೆ ಹೇಳಿದರು: "ಈಕಿ ನಾಟಕ ಕಂಪನ್ಯಾಗ ಇದ್ದಾಕಿ ಅಲ್ಲೇನ್ರಿ? ಈಕಿ ಹಾಡು ಕೇಳಾಕ ನಾವು ಬಂಡಿ ಕಟ್ಕೊಂಡು ಹೋಗ್ತಿದ್ವಿ. ಇಲ್ಲಿ ಅದಾಳೇನು?" ಆ ಮಾತಿನಲ್ಲಿ ಮೆಚ್ಚುಗೆಯೇ ಇತ್ತು. ಕೊನೆಗೊಂದು ನಗು ಮಾತ್ರ ಬೇರೆ ಥರ ಇತ್ತು. ಅಪ್ಪ ಕೇಳಿಸಿಕೊಂಡದ್ದು ಆ ನಗುವನ್ನು.

ನಮ್ಮಪ್ಪ ಕೆಟ್ಟ ಮನುಷ್ಯನಲ್ಲ. ಅತ್ತೆಯನ್ನು ಮನೆ ಬಿಡಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತಾಗ ಅಮ್ಮನಿಗೆ ಮೆಲ್ಲಗೆ ಹೇಳಿದರು: "ಆಕಿದೇನೂ ತಪ್ಪಿಲ್ಲ. ಆದ್ರ ನಾಳಿ ಇವಳ ಮದಿವಿ ಮಾಡಬೇಕಲ್ಲ. ನಾಟಕದಾಕಿ ಹತ್ರ ಕಲ್ತಾಳ ಅಂದ್ರ ಜನ ಏನಂತಾರ?"

ಮಡಕಶಿರಾದಲ್ಲಿ ನನ್ನ ದೊಡ್ಡಮ್ಮ ಇದ್ದರು. ಅವರ ಬೀದಿಯಲ್ಲೇ ಪಿಟೀಲು ನುಡಿಸುವ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಹೈಸ್ಕೂಲಿಗೆ ನನ್ನನ್ನು ಅಲ್ಲಿಗೆ ಕಳಿಸುವುದೆಂದು ಆಯಿತು. "ಹಾಡು ಬಿಡು ಅನ್ನಂಗಿಲ್ಲವಾ ನಾನು. ಶಾಸ್ತ್ರೀಯವಾಗಿ ಕಲಿ" ಎಂದರು ಅಪ್ಪ.

ಹೊರಡುವ ದಿನ ಅತ್ತೆಯ ಕೋಣೆಗೆ ಹೋದೆ. ಅವರಿಗೆ ಎಲ್ಲವೂ ಗೊತ್ತಿತ್ತು. ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದರು. "ಅಲ್ಲಿ ಹೊಸದಾಗಿ ಕಲಿ. ನನ್ನ ಹತ್ರ ಕಲ್ತೀನಿ ಅಂತ ಯಾರಿಗೂ ಹೇಳಬ್ಯಾಡ. ನಿನಗ ಚಲೋ ಅಲ್ಲ" ಎಂದರು. ಹೂಂ ಎಂದೆ. ಹನ್ನೆರಡು ವರ್ಷದ ನನಗೆ ಆ ಮಾತು ಸುಲಭವಾಗಿ ಕಂಡಿತು.

ಮೇಷ್ಟ್ರ ಪಾಠ ಬೆಳಿಗ್ಗೆ ಆರಕ್ಕೆ. ಹೆಂಡತಿ ತೀರಿಕೊಂಡಿದ್ದರು, ತಾವೇ ಅಂಗಳಕ್ಕೆ ನೀರು ಹಾಕಿ ಚಾಪೆ ಹಾಸಿ ಕಾಯುತ್ತಿದ್ದರು. ಮೊದಲ ದಿನ ಸಾ ಹಿಡಿ ಎಂದರು. ಹಿಡಿದೆ. ಅವರು ಕಮಾನನ್ನು ಕೆಳಗಿಟ್ಟರು.

"ಯಾರ ಹತ್ರ ಕಲ್ತಿದ್ದೀಯಮ್ಮ?"

"ಯಾರ ಹತ್ರಾನೂ ಇಲ್ಲ ಸಾರ್."

"ಸುಳ್ಳು ಹೇಳ್ಬೇಡ ಕಣಮ್ಮ. ಈ ಉಸ್ರು ತಾನಾಗೇ ಬರಲ್ಲ. ಯಾರೋ ಪಕ್ಕದಾಗೆ ಕೂತ್ಕಂಡು ತಿದ್ದವ್ರೆ."

ನಾನು ತಲೆ ತಗ್ಗಿಸಿದೆ. ಅವರು ಮತ್ತೆ ಕೇಳಲಿಲ್ಲ. ಸರಳೆ ವರಸೆ ಶುರು ಮಾಡಿದರು. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನೇ ಎಲ್ಲವನ್ನೂ ಹೇಳಿದೆ: ದಾರ, ತಂಬಿಗೆ, ಓಣಿಯ ತುದಿಯ ಬಂಡೆ, ನಾಟಕ ಕಂಪನಿ. ಮೇಷ್ಟ್ರು ಪಿಟೀಲಿನ ತಂತಿಯನ್ನು ಒರೆಸಿದರು. "ನಾನು ನಿಂಗೆ ತಾಳ ಕಲಿಸ್ತೀನಿ, ರಾಗ ಕಲಿಸ್ತೀನಿ. ಅವ್ರು ಕೊಟ್ಟಿರೋದುನ್ನ ಕೊಡಾಕೆ ನನ್ ಕೈಲಾಗಲ್ಲ. ಅದುನ್ನ ಕಳ್ಕೋಬೇಡ" ಎಂದರು. ದೊಡ್ಡವರೊಬ್ಬರು ಇನ್ನೊಬ್ಬರ ಬಗ್ಗೆ, ಅದೂ ಕಾಣದವರ ಬಗ್ಗೆ, ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದಾಗ ರಾಯದುರ್ಗದಲ್ಲಿ ಅಪ್ಪನ ಜೊತೆಯ ವ್ಯಾಪಾರಸ್ಥರೆಲ್ಲ ಸೇರಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಅದರ ಪ್ರಾರಂಭಕ್ಕೆ ನನ್ನ ಹಾಡು ಇಟ್ಟುಕೊಂಡರು. ಮೇಷ್ಟ್ರು ಪಿಟೀಲು ನುಡಿಸಲು ಬಂದರು. ಅಪ್ಪ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಹಾಡುವ ಮೊದಲು, ಕಾರ್ಯಕ್ರಮ ನಡೆಸುತ್ತಿದ್ದ ತೆಲುಗು ಮೇಷ್ಟ್ರೊಬ್ಬರು ಮೈಕನ್ನು ನನ್ನ ಕಡೆಗೆ ತಿರುಗಿಸಿ, ನಿನ್ನ ಗುರುಗಳು ಯಾರೆಂದು ಪ್ರೀತಿಯಿಂದಲೇ ಕೇಳಿದರು: "ಮೀ ಗುರುವುಗಾರು ಎವರಮ್ಮಾ?"

ಆಗ ಕಣ್ಣೆತ್ತಿ ನೋಡಿದೆ. ಸಭಾಂಗಣದ ಕೊನೆಯಲ್ಲಿ, ಬಾಗಿಲ ಪಕ್ಕ, ಚಪ್ಪಲಿ ಬಿಡುವ ಕಡೆ ಅತ್ತೆ ನಿಂತಿದ್ದರು. ತಲೆಯ ಮೇಲೆ ಸೆರಗು. ಹಿಂದಿನ ಎರಡು ಸಾಲು ಕುರ್ಚಿಗಳು ಖಾಲಿ ಇದ್ದವು, ಆದರೂ ನಿಂತೇ ಇದ್ದರು. ನನ್ನನ್ನು ನೋಡುತ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

ನಾನು ಮಡಕಶಿರಾದ ಮೇಷ್ಟ್ರ ಹೆಸರನ್ನು ಹೇಳಿದೆ. ಅದೊಂದನ್ನೇ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಲೆ ಎತ್ತದೆ ಪಿಟೀಲಿನ ಬಿರಡೆ ತಿರುವುತ್ತಿದ್ದರು. ಮೂರು ಹಾಡು ಹಾಡಿದೆ. ಮುಗಿಸಿ ನೋಡಿದಾಗ ಬಾಗಿಲ ಪಕ್ಕ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಬೈದರೆ ಸಾಕು ಎಂದು ಬೇಡಿಕೊಳ್ಳುತ್ತ ಹೋದೆ. ಅತ್ತೆ ಎಂದಿನಂತೆ ಪ್ಯಾಂಟುಗಳ ರಾಶಿಯ ನಡುವೆ ಕೂತಿದ್ದರು.

"ಎರಡನೇ ಹಾಡಿನ್ಯಾಗ ಕಡೀ ಸಾಲು ನುಂಗಿಬಿಟ್ಟಿ. ಹಿಂದ ಕೇಳಸ್ಲಿಲ್ಲ."

"ಕುರ್ಚಿ ಇದ್ವಲ್ರಿ ಅತ್ತಿ. ಯಾಕ ಕುಂದರಲಿಲ್ಲ?"

"ಬಾಗಲದಾಗ ಗಾಳಿ ಬರತೈತಿ" ಎಂದರು. "ಉಳಿದದ್ದು ಚಲೋ ಹಾಡಿದಿ. ಮೂರನೇದು ಬಾಳ ಚಲೋ ಆತು."

ಅಷ್ಟೇ. ಅವರ ಮುಖದಲ್ಲಿ ಏನನ್ನೋ ಹುಡುಕಿದೆ. ಸಿಗಲಿಲ್ಲ. ಅವರು ನಟಿಯಾಗಿದ್ದವರು ಎಂಬುದು ಆಗ ನನಗೆ ನೆನಪಾಗಲಿಲ್ಲ. ಬಸ್ಸು ಹತ್ತುವ ಹೊತ್ತಾಗಿತ್ತು, ಹೊರಟುಬಿಟ್ಟೆ.

ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊರು ದಾಟಿದ ಮೇಲೆ ಕೇಳಿದರು: "ನನ್ನೊಬ್ಬನ್ನೇ ಹೇಳ್ದೆಯಲ್ಲಮ್ಮ?"

"ಅವ್ರೇ ಹೇಳ್ಬೇಡ ಅಂದಿದ್ರು ಸಾರ್."

"ಅವ್ರು ಅಂದ್ರು, ಸರಿ. ನಿಂಗೇನನ್ನಿಸ್ತು?"

ಕಲ್ಯಾಣದುರ್ಗದಲ್ಲಿ ಬಸ್ಸು ನಿಂತಾಗ ಅವರೇ ಇಳಿದು ನನಗೆ ಟೀ ತಂದುಕೊಟ್ಟರು.

ಅಲ್ಲಿಂದ ಮುಂದೆ ರಾಯದುರ್ಗಕ್ಕೆ ಹೋದಾಗಲೆಲ್ಲ ಹಿತ್ತಲಿಗೆ ಹೋಗುವುದನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದೆ. ಅತ್ತೆ ಎಂದೂ ಏನೂ ಕೇಳಲಿಲ್ಲ. ಅದೇ ನನಗೆ ಕಷ್ಟವಾಗುತ್ತಿತ್ತು. ಆಮೇಲೆ ಟೀಚರ್ ಟ್ರೈನಿಂಗ್, ಹೇಮಾವತಿಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಕೆಲಸ, ಮದುವೆ, ಎರಡು ಮಕ್ಕಳು. ಅಪ್ಪ ಹಿತ್ತಲಲ್ಲಿ ಗೋಡೌನ್ ಕಟ್ಟಿಸಲು ತಗಡಿನ ಕೋಣೆಯನ್ನು ತೆಗೆಸಿದರು. ಅತ್ತೆ ಭೈರವಾನಿತಿಪ್ಪದ ಕಡೆ ಒಂದು ಹಳ್ಳಿಗೆ, ತಮ್ಮನ ಮಗಳ ಮನೆಗೆ ಹೋದರು ಎಂದು ಅಮ್ಮ ಫೋನಿನಲ್ಲಿ ಹೇಳಿದಳು. "ಹೋಗೂ ಮುಂದ ನಿನ್ನ ಕೇಳಿದ್ಲು. ನಿನ್ನ ಶಾಲ್ಯಾಗ ಪರೀಕ್ಷಿ ನಡದಾವ ಅಂತ ಹೇಳ್ದೆ." ಮುಂದಿನ ರಜೆಯಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ ಎಂದೆ. ಎಷ್ಟೋ ರಜೆಗಳು ಬಂದು ಹೋದವು.

ನಾನು ದೊಡ್ಡ ಗಾಯಕಿಯಾಗಲಿಲ್ಲ. ಮದುವೆ ಮನೆಗಳಲ್ಲಿ, ಶಾಲೆಯ ಸಮಾರಂಭಗಳಲ್ಲಿ ಹಾಡುವಷ್ಟಕ್ಕೆ ನಿಂತೆ. ಆದರೆ ತರಗತಿಯಲ್ಲಿ ಪದ್ಯ ಹಾಡಿಸುವಾಗ ನನಗೇ ತಿಳಿಯದಂತೆ ಕೊನೆಯ ಸಾಲಿನ ಮಕ್ಕಳ ಹಿಂದೆ ಹೋಗಿ ಗೋಡೆಗೆ ಆನಿಸಿ ನಿಲ್ಲುತ್ತಿದ್ದೆ. ಯಾವುದಾದರೂ ಮಗು ತಪ್ಪು ಜಾಗದಲ್ಲಿ ಉಸಿರೆಳೆದರೆ ನನ್ನ ಎದೆ ಚುಳ್ಳೆನ್ನುತ್ತಿತ್ತು. ತಾಳ ತಪ್ಪಿದ ಮಗುವಿನ ತೊಡೆಯ ಮೇಲೆ ಮೇಷ್ಟ್ರ ಹಾಗೆಯೇ ಮೆಲ್ಲಗೆ ಎರಡು ಬೆರಳಿನಿಂದ ತಟ್ಟುತ್ತಿದ್ದೆ. ಮಕ್ಕಳು ಕಲಿಯುತ್ತಿದ್ದುದು ಅವರಿಬ್ಬರಿಂದ. ಅದು ಮಕ್ಕಳಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೇಷ್ಟ್ರು ಹಾಸಿಗೆ ಹಿಡಿದರು. ಶಾಲೆ ಮುಗಿಸಿ ದಿನವೂ ಮಡಕಶಿರಾಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಮಾತು ತೊದಲುತ್ತಿತ್ತು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ಆಯಮ್ಮನ್ನ ನೋಡ್ಕಂಡ್ ಬಂದ್ಯಾ?"

ಯಾರೆಂದು ಕೇಳಬೇಕಾಗಿರಲಿಲ್ಲ.

"ಹೋಗಿದ್ದೆ ಸಾರ್. ಚೆನ್ನಾಗವ್ರೆ."

"ತಪ್ಪಾಯ್ತು ಅಂತ ಹೇಳ್ದ್ಯಾ?"

"ಹೇಳ್ದೆ ಸಾರ್. ನಕ್ಕುಬಿಟ್ರು."

"ಒಳ್ಳೇದಾಯ್ತು ಬಿಡು" ಎಂದು ಅವರು ಕಣ್ಣು ಮುಚ್ಚಿಕೊಂಡರು. ಮುಖ ಹಗುರಾದದ್ದು ಕಾಣಿಸಿತು. ಹತ್ತು ದಿನಗಳ ನಂತರ ತೀರಿಕೊಂಡರು. ಸಾಯುತ್ತಿದ್ದ ಗುರುವಿಗೆ ನಾನು ಕೊಟ್ಟದ್ದು ಆ ಸುಳ್ಳನ್ನು. ಅದರಿಂದ ಅವರಿಗೆ ಸಮಾಧಾನವಾಯಿತಲ್ಲ ಎಂದು ದೊಡ್ಡಮ್ಮನಿಗೆ ಹೇಳಿಕೊಂಡು ಅತ್ತುಬಿಟ್ಟೆ.

ಆ ಬೇಸಿಗೆಯಲ್ಲಿ ಭೈರವಾನಿತಿಪ್ಪಕ್ಕೆ ಹೋದೆ. ಬಸ್ಸಿಳಿದು ಆಟೋದಲ್ಲಿ ಹಳ್ಳಿಗೆ ಹೋಗಿ ಮನೆ ಹುಡುಕಿದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಅತ್ತೆ ಕೂತಿದ್ದರು. ತೀರಾ ಚಿಕ್ಕವರಾಗಿಬಿಟ್ಟಿದ್ದರು. ಒಳಗಿನಿಂದ ಬಂದ ಸೊಸೆ, ಅಂದರೆ ತಮ್ಮನ ಮಗಳು, "ಜೋರಾಗಿ ಮಾತಾಡ್ರಿ. ಕಿವಿ ಹೋಗ್ಯಾವ, ನಾಕು ವರ್ಷ ಆತು" ಎಂದಳು.

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು. "ಪಾತ್ರಿ ಅಂಗಡಿ ಹುಡುಗಿ!" ಎಂದರು. ತಮ್ಮ ದನಿ ತಮಗೇ ಕೇಳದವರ ಹಾಗೆ ಗಟ್ಟಿಯಾಗಿ ಅಂದರು. ನಾನು ಅವರ ಕಾಲ ಹತ್ತಿರ ಕೂತು, ಕಿವಿಗೆ ಬಾಯಿಟ್ಟು ಕೂಗಿದೆ.

"ಅತ್ತಿ, ನಂದು ತಪ್ಪಾತ್ರಿ."

"ಊಟಾನ? ಆತು, ಆತು. ನಿಂದಾತೇನು?"

ಮನೆಯ ಮಕ್ಕಳು ನಕ್ಕವು. ಇನ್ನೊಮ್ಮೆ ಕೂಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅತ್ತೆ ನನ್ನ ತುಟಿಗಳನ್ನೇ ನೋಡುತ್ತ ತಲೆಯಾಡಿಸಿದರು, ಊಟಕ್ಕೆ ಕೊಡು ಎಂದು ಸೊಸೆಗೆ ಕೈ ಮಾಡಿದರು. ಬರೆದು ತೋರಿಸಲು ಅವರಿಗೆ ಓದು ಬರುತ್ತಿರಲಿಲ್ಲ. ಎಲ್ಲ ಹಾಡು, ಎಲ್ಲ ಮಾತು, ಅವರು ಕಿವಿಯಿಂದಲೇ ಕಲಿತದ್ದು. ಇಪ್ಪತ್ತೈದು ವರ್ಷ ನಾನು ಇಟ್ಟುಕೊಂಡಿದ್ದ ಒಂದು ಮಾತನ್ನು ಈಗ ದಾಟಿಸಲು ದಾರಿಯೇ ಇರಲಿಲ್ಲ.

ಊಟವಾದ ಮೇಲೆ ಅವರು ನನ್ನ ಗಲ್ಲ ಹಿಡಿದು, ಹಾಡು ಎಂದು ಸನ್ನೆ ಮಾಡಿದರು. ಒಂದು ವಚನ ಹಾಡಿದೆ. ಅವರು ಎದುರಿಗೆ ಕೂತು ನನ್ನ ಬಾಯನ್ನು, ಕುತ್ತಿಗೆಯನ್ನು, ಎದೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಮುಗಿದಾಗ, "ನಡುವ ಒಂದು ಕಡಿ ಅವಸರ ಮಾಡಿದಿ" ಎಂದರು. ನಿಜವಾಗಿಯೂ ಮಾಡಿದ್ದೆ.

ಸೊಸೆ ಬೆರಗಾದಳು. "ಇದೇನ್ರಿ, ಇಕಿಗೆ ಹಾಡು ಗೊತ್ತೈತೇನು? ಇಷ್ಟು ವರ್ಷದಾಗ ಒಂದು ದಿನ ಹಾಡಿದ್ದು ನಾವು ಕೇಳಿಲ್ಲ."

ಹೇಳಬೇಕೆಂದು ಬಾಯಿ ತೆರೆದೆ. ಇವರು ಯಾರು ಗೊತ್ತೇನ್ರಿ, ಇವರ ಹಾಡು ಕೇಳಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ನನಗೆ ಸ್ವರ ಕೊಟ್ಟವರು ಇವರು ಎಂದು. ಅತ್ತೆಯ ಕಡೆ ತಿರುಗಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ತಲೆ ಸ್ವಲ್ಪವೇ ಅಲ್ಲಾಡಿತು. ಬೇಡ ಎಂದಿತು. ಅಥವಾ ಅದು ಬರೀ ವಯಸ್ಸಿನ ನಡುಕವೇನೋ.

"ನಾನು ಸಣ್ಣಾಕಿ ಇದ್ದಾಗ ಜೋಗುಳ ಹೇಳ್ತಿದ್ರು" ಎಂದೆ.

ಇದನ್ನು ಬರೆಯುತ್ತಿರುವಾಗಲೂ ಅವರ ಹೆಸರನ್ನು ಹಾಕಿಲ್ಲ. ಆ ಮನೆಯವರಿಂದಲೇ ಮುಚ್ಚಿಟ್ಟುಕೊಂಡಿದ್ದ ಬದುಕನ್ನು ಊರಿಗೆಲ್ಲ ಹೇಳುವ ಹಕ್ಕು ನನಗಿಲ್ಲ ಎಂದುಕೊಳ್ಳುತ್ತೇನೆ. ಮೊದಲ ಸಲ, ಆ ಮಂಟಪದಲ್ಲೂ ಇಂಥದೇ ಒಂದು ಒಳ್ಳೆಯ ಕಾರಣ ನನ್ನ ಬಳಿ ಇತ್ತು. ಎರಡಕ್ಕೂ ವ್ಯತ್ಯಾಸ ಏನೆಂದು ಇನ್ನೂ ಸರಿಯಾಗಿ ತಿಳಿದಿಲ್ಲ. ಹೊರಡುವಾಗ ನನ್ನ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ಬಂದೆ. ಅತ್ತೆ ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದರು, ಮಡಿಲಿಗೆ ಒಂದಿಷ್ಟು ಶೇಂಗಾ ಹಾಕಿದರು.

ಮಳೆಗಾಲದ ಕೊನೆಯಲ್ಲಿ ಅತ್ತೆಯ ಸೊಸೆಯ ಫೋನು ಬಂತು. ಎರಡನೇ ಪೀರಿಯಡ್ ನಡೆಯುತ್ತಿತ್ತು, ಹೊರಗೆ ಹೋಗಿ ಮಾತಾಡಿದೆ. "ಹದಿನೈದು ದಿನ ಆತ್ರಿ ಹೋಗಿ. ಕ್ಯಾಲೆಂಡರ್ ಹಾಳಿ ತಿರುವಿದಾಗ ನಿಮ್ಮ ನಂಬರ್ ಕಂಡ್ತು, ಹೇಳಬೇಕು ಅನ್ನಿಸ್ತು" ಎಂದಳು. ತೊಂದರೆಪಡಲಿಲ್ಲವಂತೆ, ನಿದ್ದೆಯಲ್ಲೇ ಹೋದರಂತೆ. ಮಣ್ಣು ಎಲ್ಲಿ ಮಾಡಿದಿರಿ ಎಂದು ಕೇಳಿದೆ. ಹೊಲದ ಬದುವಿನಲ್ಲಿ ಎಂದಳು.

ಒಳಗೆ ಬಂದೆ. ಮಕ್ಕಳು ಪುಸ್ತಕ ತೆರೆದುಕೊಂಡು, ನಾನು ಪದ್ಯ ಎತ್ತುವುದನ್ನೇ ಕಾಯುತ್ತ ಕೂತಿದ್ದರು. ಸಾ ಹಿಡಿಯಲು ನೋಡಿದೆ, ಆಗಲಿಲ್ಲ. ಇವತ್ತು ಹಾಡುವುದು ಬೇಡ, ಓದಿ ಎಂದೆ. ಒಬ್ಬೊಬ್ಬರಾಗಿ ಎದ್ದು ನಿಂತು ಓದಿದರು. ಗಂಟೆ ಹೊಡೆಯುವವರೆಗೆ ನಾನು ಕುರ್ಚಿಯಲ್ಲಿ ಕೂತು ಕೇಳಿದೆ.